ಅಕ್ಕನ ಮಲಯಾಳ

ಕುಂಬಳೆ ಪೇಟೆಯ ಬೇಕರಿಯೊಂದರ ಮೇಲಿನ ಕೋಣೆಗೆ ‘ಲೈಫ್ ಕೋಚ್’ ಎಂಬ ಬೋರ್ಡು ಬಿದ್ದಾಗ, ಮೊದಲ ವಾರ ಮೆಟ್ಟಿಲು ಹತ್ತಿದವರೆಲ್ಲ ಲೈಫ್ ಎಂದರೆ ಜೀವವಿಮೆಯೆಂದುಕೊಂಡು ಕಂತು ಕಟ್ಟಲು ಬಂದವರಂತೆ. ನಮ್ಮ ಕಡೆ ಕೋಚ್ ಎಂದರೆ ಒಂದೋ ಕಬಡ್ಡಿ ಕಲಿಸುವವನು, ಇಲ್ಲವೇ ರೈಲಿನ ಡಬ್ಬಿ. ಸ್ಮಾರ್ಟ್‌ಫೋನು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ ಅದು. ಬದುಕುವುದು ಹೇಗೆಂದು ಪುಕ್ಕಟೆ ಹೇಳುವವರು ಮನೆಮನೆಯಲ್ಲೂ ಇರುವಾಗ ಅದಕ್ಕೊಂದು ಕೋಣೆ ಬೇಕೇ ಎಂದು ನಾನೂ ಮೂಗು ಮುರಿದಿದ್ದೆ.

ಅಲ್ಲಿಗೆ ಹೋಗುತ್ತೇನೆಂದು ಹೊರಟವಳು ನನ್ನ ಸ್ವಂತ ಅಕ್ಕ. ಮನೆಯಲ್ಲಿ ತುಳು ಆಡಿ, ಶಾಲೆಯಲ್ಲಿ ಕನ್ನಡ ಕಲಿತ ನಮಗೆ, ಊರು ಕೇರಳಕ್ಕೆ ಸೇರಿದ್ದರಿಂದ, ಕಚೇರಿಗಳಲ್ಲಿ ಬೇಕಾಗುವುದು ಮಲಯಾಳ. ಅಕ್ಕನಿಗೆ ಅದು ಅರ್ಥವಾಗುತ್ತಿತ್ತು, ಧಾರಾವಾಹಿ ನೋಡಿ ಅಳುವಷ್ಟು ಅರ್ಥವಾಗುತ್ತಿತ್ತು. ಆದರೆ ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಯಾರಾದರೂ ಮಲಯಾಳದಲ್ಲಿ ಏನಾದರೂ ಕೇಳಿದರೆ ಭಾವನ ಕಡೆ ತಿರುಗಿ, ನೀವೇ ಹೇಳಿ ಎನ್ನುತ್ತಿದ್ದಳು. ಭಾವ ಬಂಗಾರದಂಥ ಮನುಷ್ಯ, ಹೇಳಿಬಿಡುತ್ತಿದ್ದರು. ಹೀಗೆಯೇ ಇಪ್ಪತ್ತು ವರ್ಷದ ದಾಂಪತ್ಯ ನಡೆದಿತ್ತು.

ಆ ವರ್ಷ ಅಕ್ಕ ಮತ್ತು ನೆರೆಯ ನಾಲ್ವರು ಹೆಂಗಸರು ಸೇರಿ ಅಡುಗೆಯ ಸಂಘವೊಂದನ್ನು ಕಟ್ಟಿದ್ದರು. ಸರಕಾರಿ ಆಸ್ಪತ್ರೆಯೊಂದರ ಕ್ಯಾಂಟೀನು ನಡೆಸಲು ಜನ ಬೇಕಾಗಿತ್ತು. ಆದರೆ ಆಸ್ಪತ್ರೆಯ ಸಮಿತಿಯ ಎದುರು ಸಂಘದವರೇ ಮಲಯಾಳದಲ್ಲಿ ಮಾತಾಡಬೇಕು, ಗಂಡಂದಿರು ಒಳಗೆ ಬರುವ ಹಾಗಿಲ್ಲ. ಕೈರುಚಿ ಅಕ್ಕನದು, ಆದ್ದರಿಂದ ಉಳಿದವರು ಅವಳನ್ನೇ ಮುಂದೆ ಮಾಡಿದರು. ಅಲ್ಲಿ ಅವಳ ಬಾಯಿ ಕಟ್ಟಿದರೆ ಐದು ಮನೆಯವರ ಆಸೆ ಮಣ್ಣುಪಾಲು.

ಮೋಸವಿದ್ದರೆ ಹಿಡಿಯಲೇಬೇಕೆಂದು ನಾನೂ ಜೊತೆಗೆ ಹೋಗಿ ಕೂತೆ. ಕೋಚ್ ಎಂದರೆ ಗಲ್ಫಿನ ಕಂಪನಿಯಲ್ಲಿ ಬಹಳ ವರ್ಷ ದುಡಿದು ಮರಳಿದ ಒಬ್ಬ ಹೆಂಗಸು, ಅಕ್ಕನದೇ ಪ್ರಾಯ. ಆಕೆ ಉಪದೇಶ ಶುರುಮಾಡುತ್ತಾರೆಂದು ಕಾದೆ. ಶುರುಮಾಡಲೇ ಇಲ್ಲ.

“ಉತ್ತರ ಕೊಡುವ ಮುಂಚೆ ನಿಮಗೆ ಎಂತ ಆಗ್ತದೆ?” ಎಂದು ಕೇಳಿದರು.

ಅಕ್ಕ ಯೋಚಿಸಿದಳು. “ನಾನು ನಮ್ಮ ಯಜಮಾನ್ರ ಮುಖ ನೋಡ್ತೇನೆ.”

ಅವರಿಲ್ಲದಿದ್ದರೆ ಎಂದದ್ದಕ್ಕೆ ಮಗಳ ಮುಖ ಎಂದಳು. ಯಾರೂ ಇಲ್ಲದಿದ್ದರೆ ಎಂದಾಗ, ಅಂಥಲ್ಲಿಗೆ ಹೋಗುವುದೇ ಇಲ್ಲ ಎಂದಳು. ಇವಳು ಹೋಗದೇ ಬಿಟ್ಟ ಜಾಗಗಳ ಬಗ್ಗೆ ನಾವ್ಯಾರೂ ಯೋಚಿಸಿಯೇ ಇರಲಿಲ್ಲ.

ಇದು ಎಲ್ಲಿಂದ ಶುರುವಾಯಿತು ಎಂದು ಕೇಳಿದಾಗ ಹಳೆಯ ಕತೆ ಹೊರಗೆ ಬಂತು. ಮದುವೆಯಾದ ಕೆಲವು ವರ್ಷಕ್ಕೆ ಅಕ್ಕ ಯಾವುದೋ ಸರ್ಟಿಫಿಕೇಟಿಗೆಂದು ಹಳ್ಳಿಯ ಕಚೇರಿಗೆ ಒಬ್ಬಳೇ ಹೋಗಿದ್ದಳು. ಗುಮಾಸ್ತರು ‘ಆರಾಣ್ ಸಂಸಾರಿಕ್ಕುನ್ನದ್’ ಎಂದರು. ಮಾತಾಡುವವರು ಯಾರು ಎಂದು ಅದರ ಅರ್ಥ, ಮಲಯಾಳದಲ್ಲಿ ಸಂಸಾರವೆಂದರೆ ಮಾತು. ನಮ್ಮ ಅಕ್ಕ ತನ್ನ ಸಂಸಾರವನ್ನೆಲ್ಲ ವಿವರಿಸಿದ್ದಳು: ಗಂಡ, ಎರಡು ಮಕ್ಕಳು, ಅತ್ತೆ, ಮದುವೆಗಿರುವ ನಾದಿನಿ. ಕಚೇರಿಗೆ ಕಚೇರಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಂದು ಮುಚ್ಚಿದ ಬಾಯಿ ಮತ್ತೆ ತೆರೆದಿರಲಿಲ್ಲ.

ಕೋಚ್ ಕೂಡ ನಕ್ಕರು. ನನಗೆ ಸಿಟ್ಟು ಬಂತು. ಆದರೆ ಅಕ್ಕನೂ ನಗುತ್ತಿದ್ದಳು.

“ಅವರು ನಕ್ಕ ಮೇಲೆ ನಿಮ್ಮ ಸರ್ಟಿಫಿಕೇಟು ಎಂತ ಆಯ್ತು?”

ಅಕ್ಕನ ನಗು ನಿಂತಿತು. “ಅವತ್ತೇ ಸಿಕ್ಕಿತು,” ಎಂದಳು, ಯಾರದೋ ಸುದ್ದಿ ಹೇಳುವವಳ ಹಾಗೆ. ಇಷ್ಟು ವರ್ಷ ಆ ನಗುವನ್ನು ಎದೆಯಲ್ಲಿಟ್ಟುಕೊಂಡಿದ್ದಳು, ಕೆಲಸ ಆದದ್ದನ್ನು ಮರೆತೇಬಿಟ್ಟಿದ್ದಳು. ಆ ಒಂದು ಪ್ರಶ್ನೆಗೆ ನಾನು ಇವತ್ತಿಗೂ ಆ ಹೆಂಗಸಿಗೆ ಕೈಮುಗಿಯುತ್ತೇನೆ.

ಮಲಯಾಳ ಕಲಿಯಿರಿ ಎಂದು ಅವರು ಹೇಳಲಿಲ್ಲ. ಯಾರ ಮುಖವನ್ನೂ ನೋಡದೆ ಈ ವಾರ ಏನು ಮಾಡಬಲ್ಲಿರಿ ಎಂದು ಕೇಳಿದರಷ್ಟೇ. ಗ್ಯಾಸಿಗೆ ಫೋನು ಮಾಡುತ್ತೇನೆಂದು ಆರಿಸಿಕೊಂಡದ್ದು ಅಕ್ಕನೇ. ಮೊದಲ ಸಲ ಆ ಕಡೆಯ ಹುಡುಗಿ ಹಲೋ ಎಂದದ್ದೇ ತಡ, ಅಕ್ಕ ಫೋನು ಇಟ್ಟುಬಿಟ್ಟಳು. ಕೋಚ್ ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಮಾತು ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂದು ವಿಚಾರಿಸಿ ಮತ್ತೆ ಕಳಿಸಿದರು. ಮುಂದಿನ ವಾರ ಸಿಲಿಂಡರು ಬಂತು, ಅಕ್ಕ ಅದನ್ನು ದೂರದ ನೆಂಟರು ಬಂದಂತೆ ನೋಡಿದಳು. ಆಮೇಲೆ ಮೀನಿನವಳೊಡನೆ ಚೌಕಾಸಿ, ಬಸ್ಸಿನಲ್ಲಿ ಕಂಡಕ್ಟರನೊಡನೆ ಜಗಳ. ಜಗಳವನ್ನು ಯಾರೂ ಹೇಳಿಕೊಟ್ಟದ್ದಲ್ಲ, ಅದು ನಮ್ಮ ಮನೆತನದ್ದು.

ಸಮಿತಿಯ ದಿನ ಭಾವನೂ ನಾನೂ ಹೊರಗಿನ ಬೆಂಚಿನಲ್ಲಿದ್ದೆವು. ಸಂಘದ ಹೆಸರು ಕರೆದಾಗ ಎದ್ದು ನಿಂತವರು ಭಾವ. ಅಕ್ಕ ಅವರನ್ನು ಮೆಲ್ಲ ಕೂರಿಸಿ ತಾನು ಒಳಗೆ ಹೋದಳು. ಅವಳ ಸ್ವರ ಕೇಳುತ್ತಿತ್ತು, ತಡವರಿಸುತ್ತ, ಆದರೂ ನಿಲ್ಲದೆ. ಅಷ್ಟರಲ್ಲಿ ಒಳಗಿನವರೆಲ್ಲ ಗೊಳ್ಳೆಂದು ನಕ್ಕರು.

ಭಾವ ಮತ್ತೆ ಎದ್ದರು. ನಾನು ಅವರ ಕೈ ಹಿಡಿದು ಎಳೆದೆ. ಒಳಗೆ ನಗು ನಿಂತಿತು. ಆಮೇಲೆ ಅಕ್ಕನ ಸ್ವರವೇ, ಮೊದಲಿಗಿಂತ ಜೋರಾಗಿ.

ಹೊರಗೆ ಬಂದವಳು ಒಂದನೇ ತಾರೀಕಿನಿಂದ ಕ್ಯಾಂಟೀನು ನಮ್ಮದು ಎಂದಳು. ಭಾವನಿಗೆ ಅದು ಕೇಳಿಸಲೇ ಇಲ್ಲ. ಒಳಗಿನವರು ನಕ್ಕದ್ದು ಯಾಕೆ, ನಿನಗೆ ಬೇಜಾರಾಯಿತಾ ಎಂದು ವಿಚಾರಿಸುತ್ತಲೇ ಇದ್ದರು.

“ನನ್ನ ಮಲಯಾಳ ಕೇಳಿ ನಕ್ಕದ್ದು,” ಎಂದಳು ಅಕ್ಕ. “ನಕ್ಕು ಮುಗಿಸಲಿ ಅಂತ ಕಾದೆ. ನನಗೆ ಹೇಳ್ಲಿಕ್ಕೆ ಇನ್ನೂ ಬಾಕಿ ಇತ್ತಲ್ಲ.”