ಹಳದಿ ಗಂಟಲು, ಕೆಂಪು ಗಂಟಲು

ನನ್ನ ಸೋದರಮಾವನಿಗೆ ಓಣಿಯವರು ಇಟ್ಟ ಹೆಸರು ಓತಿಕ್ಯಾತ. ಕಡ್ಡಿಯಂಥ ಮೈ, ಮಾತಿಗೊಮ್ಮೆ ತಲೆ ಕುಣಿಸುವ ಚಾಳಿ. ಮೇಲಾಗಿ ಅವನು ಹೊಟ್ಟೆ ಹೊರೆಯುತ್ತಿದ್ದದ್ದೂ ಓತಿಕ್ಯಾತ ಹಿಡಿದೇ. ವಿಶ್ವವಿದ್ಯಾಲಯದ ಮೇಡಂ ಒಬ್ಬರಿಗೆ ಅವು ಬೇಕಿದ್ದವು. ಉದ್ದ ಕೋಲು, ತುದಿಗೆ ದಾರದ ಕುಣಿಕೆ. ಬೇಲಿಯ ಮೇಲೆ ಬಿಸಿಲು ಕಾಯುವ ಪ್ರಾಣಿಯ ಕತ್ತಿಗೆ ಮೆಲ್ಲಗೆ ಇಳಿಸಿ ಎಳೆಯುವುದು, ಮೇಡಂ ಅಳತೆ ತೆಗೆದು ಗಂಟಲಿನ ಬಣ್ಣ ನೋಡಿದ ಮೇಲೆ ಹಿಡಿದಲ್ಲೇ ಬಿಡುವುದು. 'ಇದೂ ಒಂದು ಕೆಲಸವೇನೋ?' ಎಂದು ಅಮ್ಮ ಅವನ ಮುಖಕ್ಕೇ ಕೇಳುತ್ತಿದ್ದಳು. ಅಕ್ಕನ ಬೈಗುಳವನ್ನು ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ.

ಬುರುಡೆ ಬಿಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೊಳೆಯಿಂದ ಮೊಸಳೆ ಹತ್ತಿ ಬಂದಿದೆ ಎಂದು ಪಕ್ಕದ ಮನೆಯ ದರ್ಜಿಯನ್ನು ಒಂದು ಮಧ್ಯಾಹ್ನವಿಡೀ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸಿದ್ದ. ಹೀಗಾಗಿ ಮೇಡಂ ಹೇಳಿದ ಸಂಗತಿಯನ್ನು ಅವನು ತಂದು ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಗತಿ ಇಷ್ಟು. ನಮ್ಮ ದಡದ ಊರಿನಲ್ಲಿ ಓತಿಕ್ಯಾತಗಳ ಗಂಟಲು ಕೆಂಪು, ಆಚೆ ದಡದಲ್ಲಿ ಹಳದಿ. ಒಂದೇ ಕುಲದವು. ಆದರೆ ನಡುವೆ ಹೊಳೆ ಬಂದು, ದಾಟಲಾಗದೆ, ಸಾವಿರಾರು ತಲೆಮಾರು ಬೇರೆ ಬೇರೆ ಬೆಳೆದು ಎರಡು ಜಾತಿಯಾಗುತ್ತಿವೆ. ಆದರೆ ನಮ್ಮ ಓಣಿಯ ಗೋಡೆಗಳ ಮೇಲೆ ಮಾವ ಹಿಡಿದವೆಲ್ಲ ಹಳದಿ! ನಮ್ಮ ಓಣಿಯ ಮೂರು ಕಡೆ ಹೊಳೆ, ಹಿಂದಿನ ತಗ್ಗಿನಲ್ಲಿ ಊರಿಗೆ ಹೋಗುವ ರಸ್ತೆ. ಹಾಗಾದರೆ ಒಂದು ಕಾಲಕ್ಕೆ ಹೊಳೆ ಹರಿದದ್ದು ಆ ತಗ್ಗಿನಲ್ಲೇ, ನಾವಿದ್ದ ನೆಲ ಆಚೆ ದಡಕ್ಕೆ ಸೇರಿತ್ತು, ಆಮೇಲೆ ಹೊಳೆ ಮಗ್ಗುಲು ಬದಲಿಸಿತು ಎಂದರಂತೆ ಮೇಡಂ.

"ಹಂಗಾದ್ರೆ ನಾವೆಲ್ಲ ಹಳದಿ ಗಂಟಲಿನವರು, ಅಲ್ವೇನೋ?" ಎಂದು ದರ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾವನೂ ನಕ್ಕ.

ಮರುವರ್ಷದ ಮಳೆಗಾಲದಲ್ಲಿ ಹೊಳೆ ಏರಿತು. ನೆರೆ ಬಂದರೆ ನಮ್ಮವರು ಕಣ್ಣು ಮುಚ್ಚಿಕೊಂಡು ಹಿಂದಿನ ರಸ್ತೆ ಹಿಡಿಯುತ್ತಿದ್ದರು. ನೀರಿಗೆ ಬೆನ್ನು ಹಾಕಿ ಓಡುವುದು ಅಂದರೆ ಅದೇ. ಆ ಸಲ ಬಹಳಷ್ಟು ಜನ ಬೆಳಗ್ಗೆಯೇ ಊರು ಸೇರಿದ್ದರು. ಅಪ್ಪ ಕೈಗಾಡಿಯಲ್ಲಿ ನಮ್ಮ ಪಾತ್ರೆಪಡಗ, ದರ್ಜಿಯ ಹೊಲಿಗೆ ಮಿಷನ್ ಹೇರಿ, ಅವನ ಜೊತೆ ಮುಂದೆ ಹೋದ. ಅಮ್ಮ ನನ್ನ ಕೈ ಹಿಡಿದು ಹಿಂದೆ ಹೊರಟಳು. ಆಗ ತಗ್ಗಿನ ಪಕ್ಕದ ಕಾಲುದಾರಿಯಿಂದ ಮಾವ ಮೊಣಕಾಲವರೆಗೆ ಕೆಸರಾಗಿ, ಕೈಯಲ್ಲಿ ಕುಣಿಕೆಯ ಕೋಲು ಹಿಡಿದು ಓಡಿಬಂದ.

"ಅಕ್ಕಾ, ಆ ಕಡೆ ಬೇಡ! ತಗ್ಗಿನಲ್ಲಿ ನೆಲದಿಂದಲೇ ನೀರು ಉಕ್ತಾ ಇದೆ. ಹೊಳೆ ಹಳೇ ದಾರಿ ಹಿಡಿಯುತ್ತೆ. ಶಾಲೆಗೆ ನಡಿ."

ಶಾಲೆ ಇದ್ದದ್ದು ಹೊಳೆಯ ಏರಿಯ ಮೇಲೆ. ಅದರ ಮೆಟ್ಟಿಲಿಗೆ ನೀರು ಬಡಿಯುತ್ತಿದ್ದದ್ದು ನಮಗೇ ಕಾಣುತ್ತಿತ್ತು.

"ತಲೆ ಕೆಟ್ಟಿದೆಯೇನೋ ನಿಂಗೆ? ಮಗೂನ ಹೊಳೆ ಬಾಯಿಗೆ ಕೊಡು ಅಂತೀಯಾ?"

"ಇಲ್ಲಿ ಎತ್ತರ ಇರೋದು ಅದೊಂದೇ ಅಕ್ಕಾ. ತಮಾಷೆ ಅಲ್ಲ, ನಿನ್ನಾಣೆ."

"ನಿನ್ನ ಆಣೆ ಎಷ್ಟು ಕೇಳಿಲ್ಲ ನಾನು!"

ಈ ಸಲ ಅವನ ತಲೆ ಕುಣಿಯಲಿಲ್ಲ. ಅವನು ಹೆದರಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಅದನ್ನು ನೋಡಿ ನಾನು ಅಳತೊಡಗಿದೆ. ಮಾತು ಬೆಳೆಸದೆ ಅವನು ನನ್ನನ್ನು ಕಿತ್ತು ಹೆಗಲಿಗೆ ಹಾಕಿಕೊಂಡು ಹೊಳೆಯ ಕಡೆಗೇ ಓಡಿದ.

"ಅಯ್ಯೋ, ನನ್ನ ಮಗು! ಹಾಳಾದವನೇ, ಇಳಿಸೋ ಕೆಳಗೆ!" ಅಮ್ಮ ಎದೆ ಬಡಿದುಕೊಂಡು ಬೆನ್ನಟ್ಟಿದಳು. ಅವಳ ಗಂಟಲೆಂದರೆ ಗಂಟಲು, ಸತ್ತವರೂ ಎದ್ದು ಕೂರಬೇಕು. ಮಾವ ಓಡುತ್ತಲೇ, "ಕೂಗು ಅಕ್ಕಾ, ಇನ್ನೂ ಕೂಗು! ಭಾವನಿಗೆ ಕೇಳಬೇಕು!" ಎಂದ.

ಶಾಲೆಯ ಮೆಟ್ಟಿಲಲ್ಲಿ ಕಂದು ನೀರು ಅವನ ಪಾದ ಮುಳುಗಿಸಿತು. ನಾನು ಅವನ ಕೂದಲು ಹಿಡಿದು ಕಣ್ಣು ಮುಚ್ಚಿದೆ. ಮಹಡಿ ಹತ್ತಿದ ಮೇಲೆ ಅಮ್ಮ ನನ್ನನ್ನು ಕಿತ್ತುಕೊಂಡು ಅವನ ಕೆನ್ನೆಗೆ ಬಾರಿಸಿದಳು. ಮತ್ತೆ ಎತ್ತಿದ ಕೈ ಹಾಗೇ ನಿಂತಿತು. ಹಿಂದಿನ ತಗ್ಗಿನಲ್ಲಿ ರಸ್ತೆ ಇರಲಿಲ್ಲ. ಹೊಳೆ ಇತ್ತು. ಬುಡಸಮೇತ ಮರ ಒಂದು ಹೋಗುತ್ತಿತ್ತು.

ಅಮ್ಮ ಮೆಟ್ಟಿಲಿನತ್ತ ನುಗ್ಗಿದಳು. ಮಾವ ಅವಳ ರಟ್ಟೆ ಹಿಡಿದ. "ಬಿಡೋ, ಅವರು ಅಲ್ಲಿದ್ದಾರೆ ಕಣೋ" ಎಂದು ಅವಳು ಅವನ ಕೈ ಕಚ್ಚಿದಳು. ಅವನು ಬಿಡಲಿಲ್ಲ.

ಎಷ್ಟು ಹೊತ್ತಾಯಿತೋ. ಕೆಳಗೆ ಓಣಿಯಲ್ಲಿ ಎದೆಮಟ್ಟದ ನೀರಿನಲ್ಲಿ ಗೋಡೆ ಹಿಡಿದು ಹಿಡಿದು ಅಪ್ಪ ಬರುತ್ತಿದ್ದ. ಮಾವ ಇಳಿದು ಕೋಲು ಚಾಚಿ ಎಳೆದುಕೊಂಡ. ಅಪ್ಪನಿಗೆ ಇನ್ನೂ ಸಿಟ್ಟು. "ನಡುರಸ್ತೇಲಿ ಅಕ್ಕ ತಮ್ಮ ಅದೇನು ಜಗಳ? ಏನಾಯ್ತೋ ನೋಡೋಣ ಅಂತ ವಾಪಸ್ ಬಂದೆ!"

"ದರ್ಜಿ?" ಎಂದ ಮಾವ.

"ಗಾಡಿ ಹತ್ರ ಇದ್ದಾನೆ. ಇದು ಓತಿಕ್ಯಾತನದೇ ಇನ್ನೊಂದು ಆಟ, ನೀನು ಹೋಗಿ ಬಾ, ನಾನು ಮಿಷನ್ ಕಾಯ್ತೀನಿ ಅಂದ" ಎಂದು ಅಪ್ಪ ತಿರುಗಿ ತಗ್ಗಿನ ಕಡೆ ನೋಡಿದ.

ನೀರು ಇಳಿದ ಮೇಲೂ ದರ್ಜಿ ಸಿಗಲಿಲ್ಲ. ಅಮ್ಮ ದಿನಗಟ್ಟಲೆ ಅದನ್ನೇ ಹಲುಬಿದಳು: "ಇನ್ನೂ ಸ್ವಲ್ಪ ಜೋರಾಗಿ ಕೂಗಿದ್ರೆ ಅವನಿಗೂ ಕೇಳ್ತಿತ್ತು ಕಣೋ."

"ಕೇಳಿತ್ತು ಅಕ್ಕಾ," ಎಂದ ಮಾವ. "ಕೂಗಿಸ್ತಾ ಇರೋದು ನಾನು ಅಂತಾನೂ ಗೊತ್ತಾಗಿತ್ತು. ಅದಕ್ಕೇ ಬರಲಿಲ್ಲ."