ಒಂದೇ ಪರಾತದ ಕೋಳಿಗಳು

ನನಗೆ ಪಂಕ್ತಿಭೇದ ಆಗಿಬರುವುದಿಲ್ಲ. ಊಟಕ್ಕೆ ಕೂತವರಲ್ಲಿ ಒಬ್ಬರಿಗೆ ತುಪ್ಪ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಬಡಿಸಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಧಾರವಾಡದ ನಮ್ಮಜ್ಜಿ ಹೇಳುತ್ತಿದ್ದಳು. ಪಾಪದ ಭಯ ಹೋಗಿ ಎಷ್ಟೋ ವರ್ಷವಾಯಿತು, ಕೈ ಮಾತ್ರ ಈಗಲೂ ಹಾಗೇ ಬಡಿಸುತ್ತದೆ. ಗಂಡನಿಗೆ ಎಷ್ಟು ಹೋಳಿಗೆಯೋ, ಗ್ಯಾಸ್ ಸಿಲಿಂಡರ್ ತಂದುಕೊಟ್ಟವನಿಗೂ ಅಷ್ಟೇ. ಇದರ ಬಗ್ಗೆ ಒಳಗೊಳಗೇ ಒಂದಿಷ್ಟು ಜಂಬವೂ ಇತ್ತು. ಆ ಜಂಬಕ್ಕೆ ಒಂದು ಕೋಳಿಮರಿ ಬಲಿಯಾಯಿತು ಎಂದರೆ ನೀವು ನಂಬಲಿಕ್ಕಿಲ್ಲ.

ಸಸ್ಯಾಹಾರಿಗಳ ಮನೆಯಲ್ಲಿ ಕೋಳಿ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಗೋವಾದ ಕೊರ್ತಾಲಿಮ್‌ನಲ್ಲಿ ಈ ಮನೆ ಬಾಡಿಗೆಗೆ ಸಿಕ್ಕಾಗ ಹಿತ್ತಲ ಗೂಡು, ಅದರೊಳಗಿನ ಆರು ಕೋಳಿ ಮನೆಯ ಜೊತೆಗೇ ಬಂದವು. ಮಗಳ ಊರಿಗೆ ಹೊರಟಿದ್ದ ಮನೆಯೊಡತಿ ಇವನ್ನು ನೋಡಿಕೊಳ್ಳಿ ಎಂದಳು. ಬೇಡ ಅನ್ನುವಷ್ಟು ಕೊಂಕಣಿ ನನಗೆ ಬರುತ್ತಿರಲಿಲ್ಲ. ಮೊಟ್ಟೆಗಳು ನಮ್ಮ ಅಡುಗೆಮನೆಯ ಹೊಸ್ತಿಲು ದಾಟದೆ ನೇರ ಶಾಂತವ್ವನ ಚೀಲ ಸೇರುತ್ತವೆ. ಶಾಂತವ್ವ ವಿಜಯಪುರದ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಈಕೆ ಮೂರು ಮನೆಗಳ ಪಾತ್ರೆ ಬಟ್ಟೆ ಮುಗಿಸಿ ಕೊನೆಗೆ ನಮ್ಮಲ್ಲಿಗೆ ಬರುತ್ತಾಳೆ.

ಈ ಸಲ ಯುಗಾದಿಗೆ ಊರಿಗೆ ಹೋದವಳು ಏಳು ಜವಾರಿ ಮೊಟ್ಟೆಗಳನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುದುಗಿಸಿ ತಂದಳು. "ಅಕ್ಕಾರ, ನಿಮ್ಮ ಕೋಳಿ ಒಂದು ಕಾವು ಕುಂತೈತಲ್ರಿ, ಅದರ ಹೊಟ್ಟಿ ಕೆಳಗ ಇಡ್ತೇನಿ. ನಮ್ಮವ್ವ ಸಾಕಿದ ಕೋಳಿ ವಂಶ ಇದು. ಅವ್ವ ಹೋದಮ್ಯಾಲ ಅಣ್ಣ ಎಲ್ಲಾ ಮಾರಾಕತ್ತಾನ್ರಿ" ಎಂದಳು. ಅವಳ ಬಾಡಿಗೆ ಖೋಲಿಯಲ್ಲಿ ಕೋಳಿ ಸಾಕಲು ಜಾಗವಿಲ್ಲ. ಏಳರಲ್ಲಿ ಐದು ಮರಿಯಾದವು. ಶಾಂತವ್ವ ದಿನವೂ ಕಸಬರಿಗೆ ಹಿಡಿಯುವ ಮೊದಲು ಹಿತ್ತಲಿಗೆ ಹೋಗಿ ಅವನ್ನು ಎಣಿಸಿ ಬರುತ್ತಿದ್ದಳು.

ಮನೆಯಲ್ಲೀಗ ಮೂರು ತಲೆಮಾರು. ಮೊಟ್ಟೆ ಇಡುವವು, ಈಚೆಗೆ ಬಂದು ಸೇರಿದ, ಇನ್ನೂ ಇಡದ ಎರಡು ಎಳೆ ಹೇಂಟೆಗಳು, ಈ ಐದು ಮರಿಗಳು. ವಾಸ್ಕೋದ ಕೋಳಿ ಆಹಾರದ ಅಂಗಡಿಯವನು ಮೂರು ಚೀಲ ತೋರಿಸಿದ: ಮರಿಗಳಿಗೆ ಸ್ಟಾರ್ಟರ್, ಬೆಳೆಯುವವಕ್ಕೆ ಗ್ರೋವರ್, ಮೊಟ್ಟೆ ಇಡುವವಕ್ಕೆ ಲೇಯರ್. ನನ್ನ ಮೈ ಉರಿಯಿತು. ಒಂದು ಹಿತ್ತಲಲ್ಲಿ ಮೂರು ಪಂಕ್ತಿಯೇ? ಮನುಷ್ಯರಿಗೇ ಇನ್ನೂ ಪೂರ್ತಿ ಬಿಡಿಸಲಾಗದ ಚಟವನ್ನು ಕೋಳಿಗಳಿಗೆ ಕಲಿಸುವ ಅಗತ್ಯವೇನಿದೆ? ಹೆಚ್ಚು ತಿನ್ನುವವು ಮೊಟ್ಟೆ ಇಡುವವೇ. ತಾಯಿಗೆ ಬಲ ಕೊಡುವ ಆಹಾರ ಮಕ್ಕಳಿಗೂ ಕೊಟ್ಟೀತು. ಹೀಗೆ ಯೋಚಿಸಿ ಲೇಯರ್ ಚೀಲವನ್ನಷ್ಟೇ ತಂದೆ. ಹಳೆಯ ಪರಾತದಲ್ಲಿ ಎಲ್ಲಕ್ಕೂ ಒಟ್ಟಿಗೆ ಸುರಿದು, ಅವು ಸುತ್ತ ನಿಂತು ತಿನ್ನುವುದನ್ನು ನೋಡಿ ಸಂತೋಷಪಟ್ಟೆ.

ಮೂರು ವಾರ ಕಳೆಯುವುದರೊಳಗೆ ಮರಿಗಳು ಮಂಕಾದವು. ಬೆಳವಣಿಗೆ ನಿಂತಿತು, ಸುಮ್ಮನೆ ನೀರು ಕುಡಿಯುತ್ತ ನಿಲ್ಲುತ್ತಿದ್ದವು. ಒಂದು ಭಾನುವಾರ ಒಂದು ಮರಿ ಸತ್ತಿತ್ತು. ಇನ್ನೊಂದನ್ನು ಚಪ್ಪಲಿಯ ಡಬ್ಬಿಯಲ್ಲಿಟ್ಟುಕೊಂಡು ಪಶುವೈದ್ಯರ ಬಳಿ ಓಡಿದೆ. ಅವರು ಏನು ಹಾಕುತ್ತೀರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ. ಲೇಯರ್‌ನಲ್ಲಿ ಮೊಟ್ಟೆಯ ಚಿಪ್ಪಿಗೆಂದು ಸುಣ್ಣ ತುಂಬಿರುತ್ತದೆ, ಅದು ಎಳೆಯ ಮೂತ್ರಪಿಂಡಕ್ಕೆ ವಿಷವಿದ್ದಂತೆ ಎಂದರು.

ಶಾಂತವ್ವನಿಗೆ ಹೇಳುವುದೇ ಕಷ್ಟವಾಯಿತು. ನನ್ನದೇ ತಪ್ಪು ಎಂದು ಹೇಳಿದೆ. ಆಕೆ ನಲ್ಲಿ ಬಂದ್ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ಬೇಸರದಿಂದ ನನ್ನ ಕಡೆ ನೋಡಿದಳು.

"ಬಾಣಂತಿಗೆ ಮಾಡಿದ ಅಂಟಿನುಂಡಿ ಕೂಸಿನ ಬಾಯಾಗ ಇಡ್ತಾರೇನ್ರಿ ಅಕ್ಕಾರ?"

ಬೈದಿದ್ದರೆ ವಾಸಿಯಿತ್ತು. ನಮ್ಮಜ್ಜಿಯೂ ಇಡುತ್ತಿರಲಿಲ್ಲ. ಅಂಟಿನುಂಡಿಯ ಡಬ್ಬಿಯನ್ನು ನಮ್ಮಿಂದ ಬಚ್ಚಿಡುತ್ತಿದ್ದಳು, ಜ್ವರ ಬಂದವರಿಗೆ ಗಂಜಿ, ಹಲ್ಲಿಲ್ಲದ ಅಜ್ಜನಿಗೆ ಹಾಲಲ್ಲಿ ನೆನೆಸಿದ ರೊಟ್ಟಿ ಕೊಡುತ್ತಿದ್ದಳು. ದಿನವಿಡೀ ಆಕೆ ಮಾಡಿದ್ದು ಭೇದವೇ. ಯಾರು ದೊಡ್ಡವರೆಂದು ನೋಡಿ ಬಡಿಸಬಾರದು, ಯಾರ ಹೊಟ್ಟೆಗೆ ಏನು ಹಿಡಿಸುತ್ತದೆಂದು ನೋಡದೆಯೂ ಬಡಿಸಬಾರದು. ಇಷ್ಟು ಆಕೆಗೆ ಗೊತ್ತಿತ್ತು. ನಾನು ಗಾದೆಯಂಥ ಮಾತೊಂದನ್ನು ಹಿಡಿದುಕೊಂಡು, ಆಕೆ ಮಾಡಿದ್ದನ್ನು ಬಿಟ್ಟುಬಿಟ್ಟಿದ್ದೆ.

ಮೂರು ಚೀಲ ಬೇಕಿಲ್ಲ ಎಂದು ವೈದ್ಯರೇ ದಾರಿ ತೋರಿಸಿದರು. ಮರಿಗಳಿಗೆಂದೇ ಸಿಗುವ, ಔಷಧಿ ಬೆರೆಸದ ಆಹಾರವನ್ನೇ ಎಲ್ಲಕ್ಕೂ ಹಾಕಿ, ಸುಣ್ಣವನ್ನು ಪಕ್ಕದ ಬಟ್ಟಲಲ್ಲಿಡಿ, ಬೇಕಾದವು ತಿನ್ನುತ್ತವೆ. ಸುಣ್ಣಕ್ಕೆ ಇಲ್ಲಿ ಬರವೇ? ಪಕ್ಕದ ಮನೆಯವರು ವಾರಕ್ಕೆರಡು ಸಲ ತಿಸರ್ಯೋ ಎನ್ನುವ ಚಿಪ್ಪುಮೀನು ಬೇಯಿಸಿ ಚಿಪ್ಪು ಎಸೆಯುತ್ತಾರೆ. ನಮ್ಮ ಶುದ್ಧ ಸಸ್ಯಾಹಾರಿ ಕಟ್ಟೆಯ ಮೇಲೆ ಶಾಂತವ್ವ ಅದನ್ನು ಒಣಗಿಸಿ ಜಜ್ಜಿದಳು. ಗಂಡ ಮೂಗು ಮುಚ್ಚಿಕೊಂಡು ಒಳಗೆ ಹೋದರು. ಮೊಟ್ಟೆ ಇಡುವವು ಸಂಜೆಯಾದರೆ ಬಟ್ಟಲಿಗೆ ಮುಗಿಬೀಳುತ್ತವೆ. ಮರಿಗಳು ಒಮ್ಮೆ ಕುಕ್ಕಿ ನೋಡಿ ಬಿಟ್ಟುಹೋಗುತ್ತವೆ. ಯಾರೂ ಅವಕ್ಕೆ ಪಾಠ ಹೇಳಿಲ್ಲ. ನಾಲ್ಕೂ ಮರಿಗಳು ಈಗ ಗೂಡಿನ ಮೇಲೆ ಹಾರುವಷ್ಟಾಗಿವೆ.

ಮೊನ್ನೆ ಶಾಂತವ್ವನಿಗೆ ಎಂದಿನಂತೆ ನಮ್ಮದೇ ತಟ್ಟೆಯಲ್ಲಿ, ನಮ್ಮಷ್ಟೇ ಶಿರಾ ಕೊಟ್ಟೆ. ಆಕೆ ಎಂದಿನಂತೆ ತಿನ್ನದೆ ಡಬ್ಬಿಗೆ ತುಂಬಿಕೊಂಡಳು. ನಾಲ್ಕು ವರ್ಷದಿಂದ ಕೊಡುತ್ತಿದ್ದೇನೆ, ನಾಲ್ಕು ವರ್ಷದಿಂದ ಆಕೆ ತುಂಬಿಕೊಳ್ಳುತ್ತಿದ್ದಾಳೆ.

"ನಿನಗ ಖರೇ ಅಂದ್ರ ಏನ ಬೇಕು ಶಾಂತವ್ವಾ?" ಎಂದೆ.

ಆಕೆ ಯೋಚಿಸಿದಳು. "ಒಂದು ಹತ್ತು ಮಿನಿಟ ಕುಂಡ್ರತೇನ್ರಿ. ಮುಂಜಾನಿಂದ ನಿಂತೇ ಅದೇನಿ."

ಕುರ್ಚಿ ಎಳೆದುಕೊಟ್ಟೆ. ಕೂತಳು. ಹತ್ತು ನಿಮಿಷ ಎಂದವಳು ಇಪ್ಪತ್ತು ನಿಮಿಷ ಕೂತಳು. ನಾನು ಗಡಿಯಾರ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದೆ, ಹೇಳಲಿಲ್ಲ.