ಒಂದು ದೀರ್ಘಕ್ಕೆ ಕುಸಿದ ಹಳಿ

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನಾನು ರಾಣೆಬೆನ್ನೂರು ಸಮೀಪದ ಒಂದು ಖಾಸಗಿ ಥೀಮ್ ಪಾರ್ಕಿನಲ್ಲಿ ಮೆಂಟೆನನ್ಸ್ ಎಂಜಿನಿಯರ್ ಆಗಿದ್ದೆ. ಜನರನ್ನು ಗೇಟಿನಿಂದ ಒಳಗೆ ಸಾಗಿಸುವ ಪುಟ್ಟ ರೈಲಿನ ಹೊಣೆ ನನ್ನದು. ಒಂದು ಡೀಸೆಲ್ ಎಂಜಿನ್, ಮೂರು ಕೋಚ್, ಎರಡು ಅಡಿ ಅಗಲದ ಹಳಿ. ಆ ಹಳಿಯನ್ನು ಹೊಸದಾಗಿ ತೋಡಿದ ಕೆರೆಯವರೆಗೆ ಇನ್ನೂ ಆರುನೂರು ಮೀಟರ್ ಮುಂದುವರಿಸಲು ಮಾಲೀಕರು ತೀರ್ಮಾನಿಸಿದ್ದರು.

ಹಳಿಗೆ, ಸ್ಲೀಪರಿಗೆ ಆಗುವ ಖರ್ಚು ಎಲ್ಲರಿಗೂ ಕಾಣುತ್ತದೆ. ಕಾಣದ ಖರ್ಚು ನೆಲದ್ದು. ಅಲ್ಲಿನದು ಕಪ್ಪು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಅದನ್ನು ತೆಗೆದು, ಗುಡ್ಡದಿಂದ ನೀರಿಗೆ ಉಬ್ಬದ ಗರಸು ಮಣ್ಣು ತಂದು, ಪದರ ಪದರವಾಗಿ ರೋಲರ್ ಹೊಡೆದು ದಿಬ್ಬ ಕಟ್ಟಿದ ಮೇಲೆಯೇ ಹಳಿ ಹಾಸಬೇಕು. ನಮ್ಮ ಅಂದಾಜಿನಲ್ಲಿ ಗರಸಿನ ಸಾಗಣೆಯೇ ಹಳಿಗಿಂತ ದುಬಾರಿಯಾಗಿತ್ತು.

ಕೋಚಿನ ಗಾಲಿಗಳನ್ನು ಲೇತಿಗೆ ಕೊಡಲು ನಾನು ಹಾವೇರಿಗೆ ಹೋದ ವಾರ, ವಿಸ್ತರಣೆಯ ನಕ್ಷೆ ಮಾಡಿದ್ದ ಕನ್ಸಲ್ಟಂಟ್ ಫೋನಿನಲ್ಲೇ ಕೆಲಸ ಹೇಳಿದರು. ಅವರು ಮಂಡ್ಯ ಕಡೆಯವರು. ಕೇಳಿಸಿಕೊಂಡವನು ಹಲಗೇರಿಯ ಮೇಸ್ತ್ರಿ ಫಕ್ಕೀರಪ್ಪ. ನಾನು ವಾಪಸಾದಾಗ ದಿಬ್ಬ ಎದ್ದಿತ್ತು, ಮೇಲೆ ಜಲ್ಲಿ ಬಿದ್ದಿತ್ತು, ಅರ್ಧ ಹಳಿಯೂ ಕೂತಿತ್ತು. ಅಂಚಿನಲ್ಲಿ ಜಲ್ಲಿಯನ್ನು ಕಾಲಿನಿಂದ ಸರಿಸಿದೆ. ಕೆಳಗಿದ್ದದ್ದು ಕೆರೆಯಿಂದ ತೋಡಿ ಹಾಕಿದ್ದ ಅದೇ ಕಪ್ಪು ಮಣ್ಣು.

“ಇದನ್ಯಾಕ ತುಂಬೀರಿ?” ಎಂದೆ.

“ಮೂರು ಫೂಟ್ ಎರಿ ಹಾಕ್ರಿ ಅಂದ್ರು, ಹಾಕೇವ್ರಿ ಸರ. ಎರಡು ಸಲ ಕೇಳೇನಿ,” ಎಂದ ಫಕ್ಕೀರಪ್ಪ.

ಮಾಲೀಕರ ಎದುರಿಗೇ ಕನ್ಸಲ್ಟಂಟರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

“ಎರಿ ಅಲ್ಲ ಕಣಪ್ಪ, ಏರಿ. ಕೆರೆ ಏರಿ ಅನ್ನಲ್ವಾ ನೀವು?”

“ಅದಕ್ಕ ನಾವು ಒಡ್ಡು ಅಂತೀವ್ರಿ. ಎರಿ ಅಂದ್ರ ಈ ಕರೇ ಮಣ್ಣು,” ಎಂದ ಫಕ್ಕೀರಪ್ಪ.

ಎಲ್ಲರೂ ನಕ್ಕರು. “ಒಂದು ದೀರ್ಘದಾಗ ನನ್ನ ಗರಸಿನ ಬಿಲ್ ಉಳೀತು ನೋಡ್ರಿ,” ಎಂದರು ಮಾಲೀಕರು. ತೆಗೆದು ಹೊಸದಾಗಿ ಕಟ್ಟಬೇಕೆಂದು ನಾನು ಹೇಳಿದಾಗ ಮಾತ್ರ ಅವರ ನಗು ನಿಂತಿತು. “ಬಿಸಲಿಗೆ ಕಲ್ಲಾಗೇತಿ. ಮ್ಯಾಗ ಹೋಗೂದು ಮೂರು ಡಬ್ಬಿ, ಗೂಡ್ಸ್ ಗಾಡಿ ಅಲ್ಲ.” ಕನ್ಸಲ್ಟಂಟ್ ಅಷ್ಟಕ್ಕೇ ಫೋನ್ ಇಟ್ಟರು. ನಾನು ಮೂರು ಸಲ ಇದೇ ವಿಷಯ ಎತ್ತಿದೆ. ಕೊನೆಗೆ ಮಾಲೀಕರು ಒಪ್ಪಿದ್ದು ಒಂದಕ್ಕೆ ಮಾತ್ರ: ಮೊದಲ ಮಳೆಗಳು ಬಿದ್ದ ಮೇಲೆ, ಜನರ ಬದಲು ಚೀಲ ಹೇರಿ ಓಡಿಸಿ ನೋಡುವುದು.

ಉಳಿದ ಹಳಿಯೂ ಕೂತು ಮಳೆ ಬಿದ್ದ ಮೇಲೆ, ಬ್ಯಾಡಗಿ ಪೇಟೆಯಿಂದ ಮೆಣಸಿನಕಾಯಿ ತುಂಬಿದ್ದ ಹಳೆಯ ಚೀಲ ತರಿಸಿ ಮರಳು ತುಂಬಿಸಿದೆವು. ಹೇರುವವರೆಲ್ಲ ಸೀನುತ್ತಿದ್ದರು. ಚಾಲಕ ಗುಡ್ಡಪ್ಪ ದೇವರಗುಡ್ಡದವನು, ಸದಾ ನಗಿಸುವವನು. “ಪ್ಯಾಸೆಂಜರ್ ಎಲ್ಲಾ ಬ್ಯಾಡಗಿಯವ್ರ ಅದಾರ, ಭಾಳ ಖಾರ,” ಎನ್ನುತ್ತ ಎಂಜಿನ್ ಏರಿದ.

ನಂತರ ಆದದ್ದನ್ನು ನಾನು ಕಂಡಷ್ಟೇ ಹೇಳುತ್ತೇನೆ. ರೈಲು ನಡೆಯುವ ವೇಗದಲ್ಲಿತ್ತು. ತಿರುವಿನಲ್ಲಿ ಕೆರೆಯ ಕಡೆಯ ಹಳಿ ಸ್ವಲ್ಪ ಇಳಿದಂತೆ ಕಂಡಿತು. ನಾನು ಕೈ ಎತ್ತಿದೆ. ಗುಡ್ಡಪ್ಪ ಬ್ರೇಕ್ ಒತ್ತಿದ. ರೈಲು ನಿಂತಿತು. ನಿಂತ ಮೇಲೆ ದಿಬ್ಬ ಜಾರಿತು. ಸದ್ದು ಹೆಚ್ಚೇನೂ ಇರಲಿಲ್ಲ. ಮೊದಲು ನಡುವಿನ ಕೋಚ್ ಮಗುಚಿತು, ಆಮೇಲೆ ಅದು ಮುಂದಿನ ಕೋಚನ್ನೂ ಎಂಜಿನ್ನನ್ನೂ ತನ್ನ ಕಡೆ ಎಳೆಯಿತು. ಗುಡ್ಡಪ್ಪ ಹಾರಿದ; ಬಲಗಾಲು ಮೆಟ್ಟಿಲ ಕೆಳಗೆ ಸಿಕ್ಕಿತು. ಚೀಲಗಳು ಒಂದರ ಮೇಲೊಂದು ಕೆರೆಗೆ ಉರುಳಿದವು. ಎಂಜಿನ್ ಎತ್ತಲು ಜೆಸಿಬಿ ಬರುವವರೆಗೆ ನಾನು ಅವನ ತಲೆ ಹಿಡಿದು ಕೂತಿದ್ದೆ. ಅವನು ನನ್ನ ಕೈ ಹಿಡಿದುಕೊಂಡ.

ವಿಸ್ತರಣೆಯನ್ನು ಅಲ್ಲಿಗೇ ಕೈಬಿಟ್ಟರು. ಕಟ್ಟಿದ್ದಕ್ಕಿಂತ ತೆಗೆಯುವುದೇ ಹೆಚ್ಚು ದುಬಾರಿ ಎಂದು ಆಗ ಲೆಕ್ಕ ಬಂತು. ಕನ್ಸಲ್ಟಂಟರ ವರದಿ ಅವಘಡಕ್ಕೆ ಕೊಟ್ಟ ಕಾರಣ ‘ಭಾಷೆಯ ಗೊಂದಲ’. ಅದನ್ನು ಓದಿದಾಗ ನನಗೆ ಬಂದಷ್ಟು ಸಿಟ್ಟು ಕೆಲಸದಲ್ಲಿ ಎಂದೂ ಬಂದಿರಲಿಲ್ಲ. ಗೊಂದಲ ಮಳೆಗೆ ಮುಂಚೆಯೇ, ಎಲ್ಲರ ಎದುರಿಗೆ ತಿಳಿಯಾಗಿತ್ತು. ಮಣ್ಣು ಮಾತ್ರ ಹಾಗೇ ಉಳಿದಿತ್ತು.

ಆಸ್ಪತ್ರೆಗೆ ಹೋದಾಗ ಗುಡ್ಡಪ್ಪನ ಕಾಲು ಮೊಣಕಾಲಿನವರೆಗೆ ಪ್ಲಾಸ್ಟರಿನಲ್ಲಿತ್ತು. “ಮಂದಿ ಬದ್ಲಿ ಚೀಲ ಹೇರಿದ್ದು ಚೊಲೋ ಆತ್ರಿ ಸರ,” ಎಂದ. ಆಮೇಲೆ ಕಾಲಿನ ಕಡೆ ನೋಡಿ, “ಆದ್ರ ಚೀಲದ ಮುಂದ ನಾ ಇದ್ನಲ್ರಿ,” ಎಂದ.

ಗೊತ್ತಿಲ್ಲದ್ದನ್ನು ತಿಳಿಯಲು ಪರೀಕ್ಷೆ ಬೇಕು. ಗೊತ್ತಿದ್ದ ತಪ್ಪನ್ನೇ ಪರೀಕ್ಷೆಗೆ ಬಿಟ್ಟರೆ ಅದಕ್ಕೆ ಯಾರದೋ ಕಾಲು ಬೇಕಾಗುತ್ತದೆ.